ಆಷಾಢದ ಸಂದರ್ಶನ

ನಮ್ಮ ಕಾಲೇಜಿನಲ್ಲಿ ಒಳ್ಳೆಯ ದಿನ ನೋಡಿಕೊಡುತ್ತಿದ್ದವಳು ನಾನು. ಹಾಸನದಲ್ಲಿ ಮೇಷ್ಟರುಗಳನ್ನು ತಯಾರು ಮಾಡುವ ಒಂದು ಶಿಕ್ಷಣ ಕಾಲೇಜು ಅದು. ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಮೊದಲು ಬಿ.ಎಡ್. ಮಾತ್ರ ಇತ್ತು, ಆಮೇಲೆ ಎಂ.ಎಡ್. ಕೂಡ ಬಂತು. ಅಲ್ಲಿ ನಾನು ಕನ್ನಡ ಬೋಧನಾ ವಿಧಾನದ ಅಧ್ಯಾಪಕಿ. ಆದರೆ ಹೊಸ ಕೊಠಡಿಗೆ ಹಾಲುಕ್ಕಿಸುವುದಿರಲಿ, ತರಗತಿ ಶುರುಮಾಡುವುದಿರಲಿ, ಆಡಳಿತ ಮಂಡಳಿಯ ಕಾರ್ಯದರ್ಶಿಗಳು "ಹೊಳೆನರಸೀಪುರದ ಮೇಡಂ ಅವರನ್ನ ಒಂದು ಮಾತು ಕೇಳಿ" ಎಂದು ಹೇಳಿ ಕಳಿಸುತ್ತಿದ್ದರು. ನಮ್ಮ ಮನೆ ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ. ಅಪ್ಪ ಅರ್ಚಕರು, ಪಂಚಾಂಗ ಅವರಿಗೆ ಬಾಯಿಪಾಠ. ಚಿಕ್ಕಂದಿನಲ್ಲಿ ಅವರ ಪಕ್ಕ ಕೂತೂ ಕೂತೂ ನನಗೂ ಅಷ್ಟಿಷ್ಟು ಬರುತ್ತಿತ್ತು. ಬರುತ್ತದೆ ಎಂದು ನಾಲ್ಕು ಜನರೆದುರು ತೋರಿಸಿಕೊಳ್ಳುವ ಚಪಲವೂ ಇತ್ತು ಅನ್ನಿ.

ನಮ್ಮಲ್ಲಿ ಒಂದು ಉಪನ್ಯಾಸಕ ಹುದ್ದೆ ಪರಿಶಿಷ್ಟ ಪಂಗಡಕ್ಕೆ, ಅಂದರೆ ಬುಡಕಟ್ಟಿನವರಿಗೆ ಮೀಸಲಾಗಿತ್ತು. ನಾನು ಕೆಲಸಕ್ಕೆ ಸೇರಿದಾಗಿನಿಂದ ಅದು ಖಾಲಿ. ತೊಂಬತ್ತರ ದಶಕದುದ್ದಕ್ಕೂ ಒಂದೇ ಕಥೆ. ಪತ್ರಿಕೆಯಲ್ಲಿ ಪ್ರಕಟಣೆ ಕೊಡುವುದು, ಸಂಕ್ರಾಂತಿ ಕಳೆದ ಮೇಲೆ ಸಂದರ್ಶನ ಇಡುವುದು, ಯಾರೂ ಬರದೆ ಇರುವುದು, "ಅರ್ಹ ಅಭ್ಯರ್ಥಿ ದೊರೆಯಲಿಲ್ಲ" ಎಂಬ ಒಂದು ಸಾಲಿನ ಕೆಳಗೆ ಸಮಿತಿಯವರೆಲ್ಲ ರುಜು ಹಾಕುವುದು. ವಿಷಯ ಬಲ್ಲವಳೆಂದು ಸಮಿತಿಯಲ್ಲಿ ನಾನೂ ಇದ್ದೆ. ರುಜು ಹಾಕಿ, ಕಾಫಿ ಕುಡಿದು, ಎದ್ದು ಬರುತ್ತಿದ್ದೆವು. ಆ ಹುದ್ದೆಯ ಪಾಠಗಳೆಲ್ಲ ನನ್ನ ತಲೆಗೇ ಬಂದಿದ್ದರಿಂದ ನನಗೆ ಸಿಟ್ಟಿತ್ತು. "ಆ ಜನದಲ್ಲಿ ಎಂ.ಎಡ್. ಓದಿದವರು ಇನ್ನು ಹುಟ್ಟಿಬರಬೇಕಷ್ಟೆ" ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಅಂದರು. ಯಾರೋ ಏನು, ನಾನೇ ಅಂದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಇದನ್ನು ಮುಚ್ಚಿಟ್ಟು ಮುಂದಿನದನ್ನು ಹೇಳಿದರೆ ಅದು ಸುಳ್ಳಾಗುತ್ತದೆ.

ಆ ದಶಕ ಮುಗಿಯುತ್ತ ಬಂದಿದ್ದಾಗ, ಒಂದು ಮಾಘ ಮಾಸದಲ್ಲಿ ಮತ್ತೊಂದು ಸಂದರ್ಶನ ಹಾಗೇ ಖಾಲಿ ಹೋಯಿತು. ಕಾರ್ಯದರ್ಶಿಗಳಿಗೂ ಸಾಕಾಗಿತ್ತು. "ಇನ್ನೊಂದೇ ಸಲ ಕರೆಯೋಣ. ಆಗಲೂ ಯಾರೂ ಬರದಿದ್ದರೆ ಈ ಹುದ್ದೆಯನ್ನ ಸಾಮಾನ್ಯ ವರ್ಗಕ್ಕೆ ಬದಲಾಯಿಸಿಕೊಡಿ ಅಂತ ಇಲಾಖೆಗೆ ಬರೆದುಬಿಡೋಣ. ಮೇಡಂ, ಇಷ್ಟು ವರ್ಷ ಕರೆದಿದ್ದಕ್ಕೆ ದಾಖಲೆಗಳನ್ನೆಲ್ಲ ನೀವೇ ಜೋಡಿಸಿಡಿ" ಎಂದರು. ನಾನು ಖುಷಿಯಾಗಿಯೇ ಒಪ್ಪಿಕೊಂಡೆ. ಯಾರಾದರೂ ಬಂದು ನನ್ನ ಪಾಠದ ಹೊರೆ ಇಳಿಸಿದರೆ ಸಾಕಾಗಿತ್ತು.

ಕಚೇರಿಯ ಬೀರುವಿನಲ್ಲಿ ದಾಖಲೆ ಹುಡುಕುವಾಗ ದಾರದಿಂದ ಕಟ್ಟಿದ ಲಕೋಟೆಗಳ ಒಂದು ಕಟ್ಟು ಸಿಕ್ಕಿತು. ಐದು ಲಕೋಟೆ, ಒಂದನ್ನೂ ಒಡೆದಿರಲಿಲ್ಲ. ನಾನು ಗುಮಾಸ್ತರನ್ನು ಕೇಳಿದೆ.

"ಅವಾ? ವಾಪಸ್ ಬಂದ ರಿಜಿಸ್ಟರ್ ಕವರ್ ಮೇಡಂ."

"ಒಳಗೇನಿದೆ?"

"ಇಂಟರ್‌ವ್ಯೂಗೆ ಬನ್ನಿ ಅಂತ ಬರೆದ ಕಾಗದ."

"ಅಂದ್ರೆ ಅರ್ಜಿ ಹಾಕಿದವರು ಇದ್ರು ಅಂತಾಯ್ತು."

"ಇದ್ರು ಮೇಡಂ. ಓದಿರೋದೆಲ್ಲ ಸರಿಯಾಗಿತ್ತು, ಅದಕ್ಕೇ ಕರೆದ್ವಿ. ಅವರು ಬರಲಿಲ್ಲ. ಗೈರುಹಾಜರಿ ಅಂತ ಬರ್ಕೊಂಡ್ವಿ."

"ಕಾಗದಾನೇ ತಲುಪಿಲ್ವಲ್ರೀ."

"ತಲುಪಿಸೋದು ಅಂಚೆಯೋರ ಕೆಲಸ. ನಮ್ಮದು ಕಳಿಸೋ ಕೆಲಸ. ಕಳಿಸಿದೀವಿ."

ಆ ಮನುಷ್ಯ ಕೆಟ್ಟವರಲ್ಲ. ಕಡತ ಹೇಗೆ ಹೇಳಿತೋ ಹಾಗೆ ನಡೆದವರು. ನಾನು ಮಾತ್ರ ನಿಂತಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ನಾವು ಹುಡುಕಲೂ ಇಲ್ಲ, ಕೂಸೇ ಇಲ್ಲ ಎಂದು ವರ್ಷ ವರ್ಷ ರುಜು ಹಾಕಿದ್ದೆವು.

ಐದರಲ್ಲಿ ಎರಡು ಲಕೋಟೆ ಒಬ್ಬ ಗಂಡಸಿನ ಹೆಸರಿಗಿದ್ದವು. ಅರಕಲಗೂಡಿನಾಚೆ, ಕೊಡಗಿನ ಗಡಿಗೆ ಹತ್ತಿರದ ಒಂದು ಬುಡಕಟ್ಟು ಹಾಡಿಯ ವಿಳಾಸ. "ವಿಳಾಸ ಸಾಲದು" ಎಂದು ಅಂಚೆಯವರು ಕೆಂಪು ಶಾಯಿಯಲ್ಲಿ ಬರೆದಿದ್ದರು. ಉಳಿದ ಮೂರೂ ಒಬ್ಬಳೇ ಹೆಂಗಸಿನ ಹೆಸರಿಗೆ, ಮೂರು ಬೇರೆ ಬೇರೆ ವರ್ಷಗಳಲ್ಲಿ ಕಳಿಸಿದ್ದು. ಅವುಗಳ ಮೇಲೆ "ಬಾಗಿಲು ಹಾಕಿದೆ" ಎಂದಿತ್ತು. ಹೊಳೆನರಸೀಪುರದ ರಸ್ತೆಯಲ್ಲಿರುವ ಹಕ್ಕಿಪಿಕ್ಕಿ ಕಾಲೊನಿಯ ವಿಳಾಸ. ನಾನು ವಾರಕ್ಕೊಮ್ಮೆ ಊರಿಗೆ ಹೋಗುವ ಬಸ್ಸು ಅದರ ಮುಂದೆಯೇ ಹಾದುಹೋಗುತ್ತಿತ್ತು.

ಮೊದಲು ಅರಕಲಗೂಡಿನ ದಾರಿ ಹಿಡಿದೆ. ಮಲ್ಲಿಪಟ್ಟಣದ ಶಾಲೆಯಲ್ಲಿ ನಮ್ಮ ವಿದ್ಯಾರ್ಥಿಗಳ ಅಭ್ಯಾಸ ಪಾಠ ನೋಡುವುದಿತ್ತು. ಅದನ್ನು ಮುಗಿಸಿ ಕೇಳಿಕೊಂಡು ಹೋದೆ. ವಿಳಾಸ ಸಾಲದು ಎನ್ನುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಬಸ್ಸಿಳಿದು ಅವರ ಹೆಸರು ಹೇಳಿದ ಕೂಡಲೇ ದನ ಮೇಯಿಸುತ್ತಿದ್ದ ಮುದುಕ ಕೈ ಮಾಡಿ ಮನೆ ತೋರಿಸಿದ. ಅವರು ಮನೆಯಲ್ಲೇ ಇದ್ದರು, ಖಾಕಿ ಬಟ್ಟೆಯಲ್ಲಿ. ಕಾದೂ ಕಾದೂ ಹಿಂದಿನ ವರ್ಷ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಕೆಲಸಕ್ಕೆ ಸೇರಿಕೊಂಡಿದ್ದರು. ನಾನು ಕೊಟ್ಟ ಹಳೆಯ ಕಾಗದವನ್ನು ಎರಡು ಸಲ ಓದಿದರು.

"ಈಗ ಬಂತಾ ಮೇಡಂ" ಎಂದರು. "ಇನ್ನೇನ್ಮಾಡಾದು ಬುಡಿ. ಈ ಕೆಲ್ಸ ಪರ್ಮನೆಂಟು. ಬುಟ್ಬತ್ತೀನಿ ಅಂದ್ರೆ ಮನೇಲಿ ಒಪ್ಪಾಕಿಲ್ಲ."

ಅವರು ಕಾಗದವನ್ನು ಮಡಿಚಿ ನನಗೇ ವಾಪಸ್ ಕೊಟ್ಟರು. ಕಾಡಿನ ಮಕ್ಕಳು ಗಿಡಮರಗಳ ಲೆಕ್ಕದಿಂದ ಗಣಿತ ಕಲಿಯುವುದರ ಬಗ್ಗೆ ಎಂ.ಎಡ್.ಗೆ ಪ್ರಬಂಧ ಬರೆದಿದ್ದ ಮನುಷ್ಯ. ನಮ್ಮ ಕಾಲೇಜು ಅವರನ್ನು ಕಳೆದುಕೊಂಡಿತ್ತು, ಅದರ ಅರಿವೂ ನಮಗಿರಲಿಲ್ಲ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ.

ಮಾರನೆಯ ಶನಿವಾರ ಊರಿಗೆ ಹೋಗುವಾಗ ಹಕ್ಕಿಪಿಕ್ಕಿ ಕಾಲೊನಿಯಲ್ಲಿ ಇಳಿದೆ. ಹಿಂದೆ ಹಕ್ಕಿ ಹಿಡಿದು ಬದುಕುತ್ತಿದ್ದ ಜನ ಅವರು. ಈಗ ಬಾಚಣಿಗೆ, ಪಿನ್ನು, ಮಣಿಸರ, ಬೇರುನಾರಿನ ಎಣ್ಣೆ ಮಾರಿಕೊಂಡು ಊರೂರು ತಿರುಗುತ್ತಾರೆ. ಹೊರಗೆ ಕನ್ನಡ, ಮನೆಯೊಳಗೆ ತಮ್ಮದೇ ವಾಗ್ರಿ ಭಾಷೆ. ಎರಡು ಸಾಲು ಮನೆಗಳಲ್ಲಿ ಎಲ್ಲದಕ್ಕೂ ಬೀಗ. ಒಂದು ಜಗಲಿಯ ಮೇಲೆ ಮಾತ್ರ ಒಬ್ಬ ಮುದುಕಿ ಕಾಲು ನೀಡಿಕೊಂಡು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು.

"ಯಾರವ್ವಾ ನೀನು? ಆಸ್ಪತ್ರೆಯೋಳಾ?"

"ಅಲ್ಲಮ್ಮ, ಕಾಲೇಜಿನೋಳು" ಎಂದು ಲಕೋಟೆಯ ಮೇಲಿನ ಹೆಸರು ಹೇಳಿದೆ.

"ನನ್ ಮಗಳೇಯ" ಎಂದಳು. "ಓದವ್ಳೆ, ಓದವ್ಳೆ, ಓದ್ತಾನೇ ಅವ್ಳೆ. ಏನ್ ಬಂತು? ನಿಮ್ಮೋರು ಕರಿಯಾಕಿಲ್ವಲ್ಲ."

"ಕರೆದಿದ್ವಿ ಅಮ್ಮ. ಬಾಗಿಲು ಹಾಕಿತ್ತಂತೆ."

"ಇನ್ನೇನು ತಗ್ದಿರ್ತದಾ? ದೀಪಾವಳಿ ಆದ್ಮ್ಯಾಕೆ ಒಂಟ್ರೆ ಯುಗಾದಿ ಕಳ್ಕಂಡು ಬತ್ತಾರೆ. ನಾನೂ ಓಗ್ತಿದ್ದೆ, ಈ ವರ್ಸ ಮಂಡಿ ಇಡ್ಕಂಡದೆ ಅಂತ ಉಳ್ದೆ. ಮಳೆ ಬಿದ್ಮೇಲೆ ಬಾ, ಎಲ್ರೂ ಇರ್ತಾರೆ. ಆಗ ಯಾಪಾರ ಇರಾಕಿಲ್ಲ."

ನಾನು ಅವಳ ಪಕ್ಕದಲ್ಲೇ ಜಗಲಿಯ ಮೇಲೆ ಕೂತುಬಿಟ್ಟೆ. ನಮ್ಮ ಸಂದರ್ಶನಗಳೆಲ್ಲ ಮಾಘದಲ್ಲೇ ಏಕೆ ನಡೆಯುತ್ತಿದ್ದವು ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆಷಾಢದಲ್ಲಿ ಹೊಸ ಕೆಲಸ ಬೇಡ, ಪಿತೃಪಕ್ಷದಲ್ಲಿ ಬೇಡ, ಧನುರ್ಮಾಸ ಕಳೆಯಲಿ, ಉತ್ತರಾಯಣ ಬರಲಿ, ಮಾಘದಲ್ಲಿ ಒಳ್ಳೆಯ ತಿಥಿ ನೋಡಿ ಇಡೋಣ ಎಂದು ವರ್ಷ ವರ್ಷವೂ ದಿನ ಗೊತ್ತುಮಾಡಿ ಕೊಟ್ಟವಳು ನಾನೇ. ಕಾಲೊನಿಯ ಕೊನೆಯ ಬಾಗಿಲಿಗೂ ಬೀಗ ಬಿದ್ದಿರುವ ಕಾಲವನ್ನು ಇಷ್ಟು ಕರಾರುವಾಕ್ಕಾಗಿ ಬೇರೆ ಯಾರೂ ಹುಡುಕಿ ಕೊಡಲಾರರು. ಪಂಚಾಂಗ ಬರುತ್ತದೆ ಎಂಬ ನನ್ನ ಜಂಬ ಆ ಜಗಲಿಯ ಮೇಲೆ ಇಳಿದುಹೋಯಿತು.

ಮಗಳು ಬೆಳಗೊಳದ ಕಡೆ ಇದ್ದಾಳೆ ಎಂದು ಮುದುಕಿ ಹೇಳಿದಳು. ಭಾನುವಾರ ಚನ್ನರಾಯಪಟ್ಟಣಕ್ಕೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದೆ. ಶ್ರವಣಬೆಳಗೊಳದಿಂದ ಜಿನನಾಥಪುರಕ್ಕೆ ಹೋಗುವ ದಾರಿಯ ಒಂದು ಮರದ ಕೆಳಗೆ ಅವಳು ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಕೂತಿದ್ದಳು. ಮೂವತ್ತರ ಆಸುಪಾಸು, ಕನ್ನಡಕ, ಬಿಗಿಯಾಗಿ ಕಟ್ಟಿದ ತುರುಬು. ಉತ್ತರದ ಕಡೆಯ ಯಾತ್ರಿಕರಿಗೆ ಹಿಂದಿಯಲ್ಲಿ ಮಣಿಸರ ಮಾರಿ, ತಮಿಳಿನವರಿಗೆ ತಮಿಳಿನಲ್ಲಿ ಬೆಲೆ ಹೇಳಿ, ಪಕ್ಕದಲ್ಲಿದ್ದ ತಂಗಿಗೆ ವಾಗ್ರಿಯಲ್ಲಿ ಏನೋ ಗದರಿ, ನನ್ನ ಕಡೆ ತಿರುಗಿ "ಏನ್ ಕೊಡ್ಲಿ ಅಮ್ಮಾ?" ಎಂದಳು. ನಾನು ಹತ್ತಾರು ವರ್ಷ ಭಾಷೆ ಕಲಿಸುವುದು ಹೇಗೆಂದು ಪಾಠ ಮಾಡಿದವಳು. ನನಗೆ ಬರುತ್ತಿದ್ದುದು ಒಂದೂವರೆ ಭಾಷೆ.

ಮೂರು ಲಕೋಟೆಗಳನ್ನೂ ಅವಳ ಕೈಗೆ ಕೊಟ್ಟೆ. ಅವಳು ಒಂದೊಂದಾಗಿ ಒಡೆದು ಓದಿದಳು. ಓದಿ ಮುಗಿಸಿ, ಸ್ವಲ್ಪ ಹೊತ್ತು ಬಾಚಣಿಗೆಗಳನ್ನು ಸಾಲಾಗಿ ಜೋಡಿಸಿದಳು.

"ಮೂರು ಸಲಾನೂ ಕರೆದಿದ್ರಾ?"

"ಹೂಂ."

"ನಾನು ನಿಮ್ಮನ್ನೆಲ್ಲ ಎಷ್ಟು ಬೈಕೊಂಡಿದೀನಿ ಗೊತ್ತಾ ಮೇಡಂ. ಅರ್ಜಿ ನೋಡಿ ಜಾತಿ ಓದಿ ಬಿಸಾಕ್ತಾರೆ ಅಂತ."

"ಬೈದದ್ದು ಸರಿಯಾಗೇ ಇದೆ, ವಾಪಸ್ ತಗೋಬೇಡ" ಎಂದೆ. ಪಂಚಾಂಗದ ಕಥೆಯನ್ನೆಲ್ಲ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಅವಳಿಗೆ ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ.

"ಅಂದ್ರೆ ನಿಮಗೆ ಒಳ್ಳೆ ದಿನ ಬಂದಾಗ ನಾವು ಊರಲ್ಲಿರಲ್ಲ. ನಾವು ಊರಲ್ಲಿರೋ ದಿನ ನಿಮಗೆ ಒಳ್ಳೇದಲ್ಲ" ಎಂದಳು.

ಇದೇ ಕೊನೆಯ ಅವಕಾಶ, ಈ ಸಲ ಬರದಿದ್ದರೆ ಹುದ್ದೆಯೇ ಕೈಬಿಟ್ಟು ಹೋಗುತ್ತದೆ ಎಂದು ವಿವರಿಸಿದೆ. ಮುಂದಿನ ಮಾಘಕ್ಕೆ ಕಾಗದವನ್ನು ನಾನೇ ತಂದು ಕೈಗೆ ಕೊಡುತ್ತೇನೆ, ಒಂದು ದಿನ ವ್ಯಾಪಾರ ಬಿಟ್ಟು ಬಾ ಎಂದೆ. ಅವಳು ಒಲ್ಲೆನೆಂಬಂತೆ ತಲೆಯಾಡಿಸಿದಳು.

"ನಾನೊಬ್ಬಳು ಬರಬಹುದು ಮೇಡಂ. ನನ್ನ ಹಿಂದೆ ಬಿ.ಎಡ್. ಓದ್ತಿರೋ ಹುಡುಗೀರು ಇಬ್ಬರಿದಾರೆ. ಅವರನ್ನ ಹುಡುಕ್ಕೊಂಡು ಯಾರು ಮರದ ಕೆಳಗೆ ಬರ್ತಾರೆ? ಮಳೆಗಾಲದಲ್ಲಿ ಕರೀರಿ. ಬಾಗಿಲು ತೆಗೆದಿರುತ್ತೆ, ಅಂಚೆಯೋರೇ ಕೊಟ್ಟು ಹೋಗ್ತಾರೆ."

ನಾನು ಉಪಕಾರ ಮಾಡಲು ಬಂದವಳ ಹಾಗೆ ಬಂದಿದ್ದೆ. ಅವಳು ಷರತ್ತು ಹಾಕಿ ಕಳಿಸಿದಳು. ಬಸ್ಸಿನಲ್ಲಿ ಮೊದಲು ಉರಿದುಹೋಯಿತು, ಚನ್ನರಾಯಪಟ್ಟಣ ಬರುವಷ್ಟರಲ್ಲಿ ಅವಳು ಹೇಳಿದ್ದೇ ಸರಿ ಅನ್ನಿಸಿತು.

ಕಾರ್ಯದರ್ಶಿಗಳ ಮುಂದೆ ಮಾತೆತ್ತಿದಾಗ ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಆಷಾಢದಲ್ಲಾ? ಏನಮ್ಮಾ, ಅರ್ಚಕರ ಮಗಳಾಗಿ ಆಡೋ ಮಾತಾ ಇದು? ಆ ತಿಂಗಳು ಮನೆಗೆ ಹೊಸ ಸೊಸೇನೂ ಕರ್ಕೊಳಲ್ಲ ನಾವು."

"ಇಷ್ಟು ವರ್ಷ ಒಳ್ಳೆ ದಿನ ನೋಡಿದ್ವಲ್ಲ ಸಾರ್, ಒಬ್ಬರಾದರೂ ಒಳಗೆ ಬಂದ್ರಾ?" ನನ್ನ ದನಿ ಏರಿತ್ತು. ಹೊರಗೆ ಗುಮಾಸ್ತರು ಟೈಪು ಮಾಡುವುದನ್ನು ನಿಲ್ಲಿಸಿದ್ದು ಕೇಳಿಸಿತು.

ಅವರು ಜಗಳಕ್ಕೆ ಬರಲಿಲ್ಲ. "ನಿಮ್ಮ ತಂದೆಯವರನ್ನೇ ಕೇಳ್ಕೊಂಡು ಬನ್ನಿ. ಅವರು ಆಗಬಹುದು ಅಂದ್ರೆ ನನ್ನದೇನೂ ಅಡ್ಡಿಯಿಲ್ಲ" ಎಂದರು. ಅಪ್ಪ ಒಪ್ಪುವುದಿಲ್ಲ ಎಂದು ಅವರಿಗೆ ಗ್ಯಾರಂಟಿ ಇತ್ತು. ನನಗೂ ಇತ್ತು.

ನಾನು ಊರಿಗೆ ಹೋದಾಗ ಅಪ್ಪ ಸಂಜೆಯ ಪೂಜೆಗೆ ತುಳಸಿ ಬಿಡಿಸುತ್ತ ಕೂತಿದ್ದರು. ಎಪ್ಪತ್ತು ದಾಟಿತ್ತು, ಮಡಿ ಒಂದಿಷ್ಟೂ ಸಡಿಲವಾಗಿರಲಿಲ್ಲ. ಲಕೋಟೆಗಳಿಂದ ಹಿಡಿದು ಮರದ ಕೆಳಗಿನ ಮಾತಿನವರೆಗೆ ಎಲ್ಲ ಹೇಳಿದೆ. ಅವರು ತುಳಸಿಯಿಂದ ಕಣ್ಣೆತ್ತಲಿಲ್ಲ.

"ನೀನು ಆಷಾಢದಲ್ಲಿ ಪಾಠ ಮಾಡಲ್ವೇನೇ?"

"ಮಾಡ್ತೀನಿ."

"ಆ ತಿಂಗಳ ಸಂಬಳ ಬೇಡ ಅಂತ ನಿಮ್ಮ ಕಾರ್ಯದರ್ಶಿ ಯಾವತ್ತಾದರೂ ವಾಪಸ್ ಕಳಿಸಿದಾನೋ?"

"ಇಲ್ಲಪ್ಪ."

"ಮತ್ತೆ? ಮದುವೆ ಮುಂಜಿಗೆ ಆಷಾಢ ಬೇಡ. ವಿದ್ಯೆ ಕಲಿಸೋರನ್ನ ಕರೆಯೋಕೆ ಬೇಡ ಅಂತ ನಾನು ಎಲ್ಲೂ ಓದಿಲ್ಲ." ಆಮೇಲೆ ತಟ್ಟೆ ಪಕ್ಕಕ್ಕಿಟ್ಟು ನನ್ನನ್ನು ನೋಡಿದರು. "ನಿನಗೆ ಪಂಚಾಂಗ ನೋಡೋದು ಹೇಳ್ಕೊಟ್ಟೆ. ಅದನ್ನ ಯಾವಾಗ ಮುಚ್ಚಿಡಬೇಕು ಅನ್ನೋದನ್ನ ಹೇಳ್ಕೊಡಲಿಲ್ಲ. ಅದು ನನ್ನ ತಪ್ಪು ಕಣೇ."

ಒಂದು ಚೀಟಿಯ ಮೇಲೆ ತಮ್ಮ ಮೋಡಿ ಅಕ್ಷರದಲ್ಲಿ "ಆಗಬಹುದು" ಎಂದು ಬರೆದು ರುಜು ಹಾಕಿಕೊಟ್ಟರು. ನನ್ನಪ್ಪನ ಬಗ್ಗೆ ಆ ದಿನ ಪಟ್ಟಷ್ಟು ಹೆಮ್ಮೆ ನಾನು ಎಂದೂ ಪಟ್ಟಿರಲಿಲ್ಲ. ಸೋಮವಾರ ಚೀಟಿ ನೋಡಿದ ಕಾರ್ಯದರ್ಶಿಗಳು ಅದನ್ನು ಎರಡು ಸಲ ತಿರುಗಿಸಿ ಹಿಂದೆ ಮುಂದೆ ನೋಡಿದರು. ಕೊಟ್ಟ ಮಾತಿಗೆ ತಪ್ಪುವವರಲ್ಲ ಅವರು. ಜ್ಯೇಷ್ಠದಲ್ಲಿ ಪ್ರಕಟಣೆ ಬಂತು, ಆಷಾಢಕ್ಕೆ ಸಂದರ್ಶನ ಗೊತ್ತಾಯಿತು. ರಿಜಿಸ್ಟರ್ ಕಾಗದದ ಸ್ವೀಕೃತಿ ಕಾರ್ಡು ಮೂರೇ ದಿನಕ್ಕೆ ಅವಳ ರುಜುವಿನ ಸಮೇತ ವಾಪಸ್ ಬಂತು.

ಸಂದರ್ಶನದ ದಿನ ಬೆಳಗಿನಿಂದ ಸೋನೆ. ಅವಳು ಸೀರೆಯ ಅಂಚು ಒದ್ದೆ ಮಾಡಿಕೊಂಡು, ಹೆಗಲ ಮೇಲೆ ಸುರುಳಿ ಸುತ್ತಿದ ಬೋರ್ಡು ಹೊತ್ತುಕೊಂಡು ಬಂದಳು. ಸಮಿತಿಯಲ್ಲಿ ಐದು ಜನ. ಕಾರ್ಯದರ್ಶಿಗಳು, ಪ್ರಾಂಶುಪಾಲರು, ಇಲಾಖೆಯವರೊಬ್ಬರು, ವಿಶ್ವವಿದ್ಯಾಲಯದಿಂದ ಬಂದ ಪ್ರಾಧ್ಯಾಪಕರು, ನಾನು. ಮೊದಲ ಪ್ರಶ್ನೆ ಆ ಪ್ರಾಧ್ಯಾಪಕರದೇ.

"ನಿಮ್ಮದು ಊರೂರು ತಿರುಗೋ ಜನ ಅಲ್ವೇ? ನಾಳೆ ಕೆಲಸ ಕೊಟ್ಟರೆ ಒಂದು ಕಡೆ ನಿಲ್ತೀರಾ?"

ನನ್ನ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು: "ಈ ಹುದ್ದೆಗೆ ಇದು ನನ್ನ ನಾಲ್ಕನೇ ಅರ್ಜಿ ಸಾರ್. ಇಷ್ಟು ವರ್ಷ ಒಂದೇ ಬಾಗಿಲ ಮುಂದೆ ನಿಂತಿರೋಳು ನಾನು."

ಇಲಾಖೆಯವರು ಕೆಮ್ಮಿದರು. ಪ್ರಾಧ್ಯಾಪಕರು ಮುಂದಿನ ಹಾಳೆ ತಿರುಗಿಸಿದರು.

ಆಮೇಲೆ ಮಾದರಿ ಪಾಠ. ಪಾಠದ ಹೆಸರು "ಒಂದನೇ ತರಗತಿಯ ಮೊದಲ ದಿನ". ಅವಳು ಬೋರ್ಡು ಬಿಚ್ಚಿ ಗೋಡೆಗೆ ತೂಗುಹಾಕಿ, ನಮ್ಮೆಲ್ಲರ ಮುಖ ನೋಡಿ ನಕ್ಕು, ವಾಗ್ರಿಯಲ್ಲಿ ಮಾತಾಡಲು ಶುರುಮಾಡಿದಳು. ನಿಲ್ಲಿಸಲೇ ಇಲ್ಲ. ಏನೋ ಕೇಳಿದಳು, ನಾವು ಸುಮ್ಮನಿದ್ದೆವು. ಮತ್ತೆ ಕೇಳಿದಳು, ಸ್ವಲ್ಪ ಗಟ್ಟಿಯಾಗಿ. ನಾನು ಯಾಕೋ ಕೈಯೆತ್ತಿದೆ, ಉತ್ತರ ಗೊತ್ತಿದ್ದು ಅಲ್ಲ, ಅವಳು ನನ್ನ ಕಡೆ ನೋಡಿದಳೆಂಬ ಹೆದರಿಕೆಗೆ. ಪಕ್ಕದಲ್ಲಿದ್ದ ಕಾರ್ಯದರ್ಶಿಗಳು ನನ್ನ ಕೈ ನೋಡಿ ತಾವೂ ಮೆಲ್ಲಗೆ ಕೈಯೆತ್ತಿದರು. ಪ್ರಾಧ್ಯಾಪಕರು ನೆತ್ತಿ ತುರಿಸಿಕೊಂಡರು. ಪ್ರಾಂಶುಪಾಲರು ಕಿಟಕಿಯಾಚೆ ಮಳೆ ನೋಡತೊಡಗಿದರು. ಐದು ನಿಮಿಷವಾಗಿರಬಹುದು, ನನಗೆ ಒಂದು ಪೀರಿಯಡ್ಡು ಅನ್ನಿಸಿತು.

ಅವಳು ಕನ್ನಡಕ್ಕೆ ಬಂದಳು. "ನಾನು ಕೇಳಿದ್ದು, ಮನೇಲಿ ಇವತ್ತು ಏನು ಊಟ ಮಾಡ್ಕೊಂಡು ಬಂದ್ರಿ ಅಂತ. ಅಷ್ಟೆ. ಪ್ರಿನ್ಸಿಪಾಲರು ಹೊರಗೆ ನೋಡಿದ್ರು. ಇಂಥ ಮಗೂನ ಗಮನ ಇಲ್ಲದ್ದು ಅಂತೀವಿ. ಮೇಡಂ ಗೊತ್ತಿಲ್ಲದೇನೇ ಕೈಯೆತ್ತಿದ್ರು. ಇಂಥ ಮಗೂನ ಸುಳ್ಳಿ ಅಂತೀವಿ. ಕಾರ್ಯದರ್ಶಿಗಳು ಪಕ್ಕದವರನ್ನ ನೋಡಿ ಮಾಡಿದ್ರು. ಕಾಪಿ ಹೊಡೀತಾನೆ ಅಂತ ಹೊಡೀತೀವಿ. ಅರಕಲಗೂಡಿನ ಹತ್ತಿರ ಒಂದು ಶಾಲೇಲಿ ನಾನು ಎರಡು ವರ್ಷ ಒಂದನೇ ಕ್ಲಾಸಿನ ಹಿಂದೆ ಕೂತು ಇದನ್ನೇ ಬರ್ಕೊಂಡಿದೀನಿ. ಮನೆ ಮಾತು ಬೇರೆ ಇರೋ ಮಕ್ಕಳು ದಡ್ಡರಲ್ಲ. ದಿನಾ ಐದು ಗಂಟೆ ಇದನ್ನ ತಡ್ಕೊಂಡು, ಮಾರನೇ ದಿನ ಮತ್ತೆ ಬರ್ತಾರೆ. ನೀವು ಐದು ನಿಮಿಷಕ್ಕೆ ಸುಸ್ತಾದ್ರಿ."

ಮೊದಲು ನಕ್ಕವರು ಕಾರ್ಯದರ್ಶಿಗಳು. ಅವರು ನಕ್ಕಿದ್ದನ್ನು ನಾನು ಅಷ್ಟು ವರ್ಷಗಳಲ್ಲಿ ಕಂಡಿರಲಿಲ್ಲ. "ನಾನು ಪಕ್ಕ ನೋಡಿದ್ದು ನಡಾವಳಿಯಲ್ಲಿ ಬರೀಬೇಡಿ" ಎಂದರು ನನಗೆ.

ಅವಳು ಹೊರಗೆ ಹೋದ ಮೇಲೆ ಪ್ರಾಧ್ಯಾಪಕರು, ಪಾಠ ಚೆನ್ನಾಗಿತ್ತು ನಿಜ, ಆದರೆ ಅಚ್ಚಾದ ಲೇಖನ ಒಂದೂ ಇಲ್ಲವಲ್ಲ ಎಂದು ರಾಗ ತೆಗೆದರು. ನಾನು ತಡೆಯಲಿಲ್ಲ. "ಅವಳ ಕಾಗದ ತಲುಪಿಸೋಕೇ ನಮಗೆ ಇಷ್ಟು ವರ್ಷ ಹಿಡೀತು ಸಾರ್. ಲೇಖನದ ಲೆಕ್ಕ ಆಮೇಲೆ ಕೇಳೋಣ" ಎಂದೆ. ಪ್ರಕಟಣೆಯಲ್ಲಿ ಕೇಳಿದ ಅರ್ಹತೆಗಳಲ್ಲಿ ಅದು ಇಲ್ಲವೇ ಇಲ್ಲ ಎಂದು ಇಲಾಖೆಯವರೂ ಹೇಳಿದರು. ಐದೂ ಜನ ಆಯ್ಕೆಗೆ ರುಜು ಹಾಕಿದೆವು. ಸಂತೋಷಕ್ಕೆ ಎರಡು ಲೋಟ ಕಾಫಿ ಕುಡಿದೆನೆಂದು ಹೇಳಲು ನನಗೆ ಸಂಕೋಚವಿಲ್ಲ.

ಶ್ರಾವಣ ಬರಲಿ, ಆಮೇಲೆ ಸೇರಿಕೊಳ್ಳಲಿ ಎಂದು ಕಾರ್ಯದರ್ಶಿಗಳು ಮೆಲ್ಲಗೆ ಸೂಚಿಸಿದರು. ಅವಳು ಆದೇಶ ಕೈಗೆ ಬಂದ ಮಾರನೆಯ ದಿನವೇ, ಅಮಾವಾಸ್ಯೆಯ ದಿನ, ಹಾಜರಿ ಪುಸ್ತಕದಲ್ಲಿ ಹೆಸರು ಬರೆದಳು.

ಅವಳು ಬಂದ ಮೇಲೆ ಎಲ್ಲ ಹಾಲು ಜೇನು ಆಯಿತೆಂದು ಹೇಳಿದರೆ ನಂಬಬೇಡಿ. ಅಭ್ಯಾಸ ಪಾಠಕ್ಕೆ ಅಂಕ ಕೊಡುವ ವಿಷಯದಲ್ಲಿ ನಾವಿಬ್ಬರೂ ವಾರಕ್ಕೊಂದು ಜಗಳ ಆಡಿದ್ದೇವೆ. ಚಾರ್ಟು ಚೆಂದವಿದೆ ಎಂದು ನಾನು ಅಂಕ ಹಾಕಿದರೆ, "ಆ ಕೊನೇ ಬೆಂಚಿನ ಮಗು ಒಂದು ಸಲಾನೂ ಬಾಯಿ ಬಿಡಲಿಲ್ಲ, ನೋಡಿದ್ರಾ?" ಎಂದು ಹೊಡೆದುಹಾಕುತ್ತಿದ್ದಳು. ಅವಳ ಬೆನ್ನ ಹಿಂದೆ ಕೊಂಕು ಮಾತಾಡಿದವರೂ ಇದ್ದರು. ಅವಳು ಅದಕ್ಕೆ ಕಿವಿ ಕೊಡಲಿಲ್ಲ. ನಾನು ಕೊಟ್ಟೆ, ಬಾಯಿಯನ್ನೂ ಕೊಟ್ಟೆ. ನಮ್ಮ ಅರ್ಜಿ ನಮೂನೆಯಲ್ಲಿ ಅವಳು ಒಂದು ಸಾಲು ಸೇರಿಸಿದಳು: "ವರ್ಷದ ಯಾವ ತಿಂಗಳುಗಳಲ್ಲಿ ನೀವು ಈ ವಿಳಾಸದಲ್ಲಿ ಇರುತ್ತೀರಿ?" ಅಷ್ಟು ಸಣ್ಣ ಪ್ರಶ್ನೆ. ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷಗಳಲ್ಲಿ, ಅವಳ ಹಿಂದೆ ಓದುತ್ತಿದ್ದ ಹುಡುಗಿಯರಲ್ಲಿ ಒಬ್ಬಳು ನಮ್ಮಲ್ಲೇ ಉಪನ್ಯಾಸಕಿಯಾದಳು. ಅರಕಲಗೂಡಿನ ಕಡೆಯ ಹಾಡಿಯಿಂದ ಒಬ್ಬ ಹುಡುಗ ಸಂಶೋಧನೆಗೆ ಸೇರಿದ. ಕಟ್ಟಾಯದ ಶಾಲೆಗೆ ಅಭ್ಯಾಸ ಪಾಠಕ್ಕೆ ಹೋಗುವ ನಮ್ಮ ವಿದ್ಯಾರ್ಥಿಗಳು ಮೊದಲ ದಿನ ಪಾಠ ಮಾಡದೆ, ಮಕ್ಕಳ ಮನೆಯಲ್ಲಿ ಯಾವ ಮಾತಿದೆ ಎಂದು ಕೇಳಿಕೊಂಡು ಬರುವುದು ರೂಢಿಯಾಯಿತು. ಬೇರೆ ಕಾಲೇಜಿನವರು ಬಂದು ನಮ್ಮ ನಮೂನೆ ಕೇಳಿ ಒಯ್ದರು. ನನ್ನ ಸರ್ವೀಸಿನಲ್ಲಿ ಎದೆಯುಬ್ಬಿಸಿ ಹೇಳಿಕೊಳ್ಳುವ ಕೆಲಸ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ, ಇದರಲ್ಲಿ ನನ್ನ ಪಾಲು ಎರಡು ಬಸ್ ಟಿಕೆಟ್ಟಿನಷ್ಟಿದ್ದರೂ.

ಅವಳಿಗೆ ಡಾಕ್ಟರೇಟ್ ಬಂದ ವಾರ ಅವಳ ತಾಯಿ ಕಾಲೇಜು ನೋಡಲು ಬಂದರು. ಮಂಡಿ ನೋವಿಗೆ ಮೆಟ್ಟಿಲು ಹತ್ತುವುದು ಕಷ್ಟ, ನಾನು ಕೈ ಹಿಡಿದು ಕರೆದುಕೊಂಡು ಹೋಗಿ ಅವಳ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಿಸಿ, ನಾನೂ ಪಕ್ಕದಲ್ಲಿ ಕೂತೆ. ನಲವತ್ತು ಜನ ಭಾವೀ ಮೇಷ್ಟರುಗಳು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಮಗಳು ಬೋರ್ಡಿನ ಮುಂದೆ ಒಂದು ತಾಸು ಮಾತಾಡಿದಳು. ತಾಯಿ ಕಣ್ಣು ಮಿಟುಕಿಸದೆ ಕೇಳಿದರು. ಗಂಟೆ ಹೊಡೆದ ಮೇಲೆ ನನ್ನ ಕಡೆ ಬಾಗಿ ಸಣ್ಣ ದನಿಯಲ್ಲಿ ವಿಚಾರಿಸಿದರು.

"ನಮ್ಮುಡ್ಗಿ ಯೋಳಾದು ನಿಮ್ಮೋರ್ಗೆ ತಿಳೀತದಾ?"

"ತಿಳೀತದೆ ಕಣಮ್ಮ. ನಾವು ಕಲಿಯೋದು ಸ್ವಲ್ಪ ನಿಧಾನ."

"ಆಗ್ಲಿ ಬುಡವ್ವ" ಎಂದು ಅವರು ನನ್ನ ಬೆನ್ನು ಸವರಿದರು. "ಯಾರ್ಗೂ ಒಡೀಬ್ಯಾಡ ಅಂತ ಯೋಳಿವ್ನಿ ಅವಳ್ಗೆ."